ಸಂಜೆ ಐದರವರೆಗೂ ಸಂತೆಯಲ್ಲಿ ನಿಂತವರು

ಇದನ್ನು ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ. ಅಕ್ಕ ಮತ್ತು ತಂಗಿ. ಇಬ್ಬರೂ ಪತ್ರಿಕೋದ್ಯಮ ಓದಿದವರು, ಇಬ್ಬರೂ ಒಂದೇ ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತವರು. ಒಬ್ಬಳೇ ಬರೆದರೆ ಕಥೆ ಅರ್ಧ ಆಗುತ್ತದೆ. ಬೇರೆ ಮಾಡಿ ಹೇಳಬೇಕಾದ ಕಡೆ 'ದೊಡ್ಡವಳು', 'ಸಣ್ಣವಳು' ಅಂತ ಬರೆಯುತ್ತೇವೆ. ಮನೆಯಲ್ಲಿ ಅವ್ವ ಕರೆಯುವುದೂ ಹಾಗೇ.

ನಮ್ಮೂರು ಗದಗ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಊರಲ್ಲಿ ಕ್ರೈಸ್ತರ ಮನೆಗಳು ಎಣಿಸಿದರೆ ಆರೋ ಏಳೋ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಬೆಟಗೇರಿಯ ಚರ್ಚಿಗೆ ಹೋಗುತ್ತೇವೆ. ಇದನ್ನು ಓದುವ ನೀವು ಹೆಚ್ಚಿನವರು ಬೇರೆ ಧರ್ಮದವರು ಅಂತ ನಮಗೆ ಗೊತ್ತು. ನಿಮ್ಮನ್ನು ನಮ್ಮ ಧರ್ಮಕ್ಕೆ ಕರೆಯುವ ಉದ್ದೇಶ ಇದರಲ್ಲಿಲ್ಲ. ಓದಿದ ಮಕ್ಕಳು ಕೆಲಸ ಇಲ್ಲದೆ ಕೂತ ಮನೆ ಎಲ್ಲ ಓಣಿಯಲ್ಲೂ ಒಂದಾದರೂ ಇದೆ. ಆ ದಿನಗಳಲ್ಲಿ ನಾವು ಯಾವುದನ್ನು ಹಿಡಿದುಕೊಂಡು ನಿಂತೆವು ಅಂತ ಹೇಳಬೇಕು, ಅಷ್ಟೇ.

ದೊಡ್ಡವಳು ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕೆಲಸ ಮಾಡುತ್ತಿದ್ದಳು. 2020ರ ಲಾಕ್‌ಡೌನ್‌ನಲ್ಲಿ ಆ ಪುಟವೇ ನಿಂತಿತು. ಆಮೇಲೆ ಒಂದು ಸಣ್ಣ ವೆಬ್ ಚಾನೆಲ್ ಸೇರಿದಳು. 2023ರ ಮಳೆಗಾಲದಲ್ಲಿ ಅದೂ ಬಾಗಿಲು ಹಾಕಿತು. ಎರಡು ತಿಂಗಳ ಪಗಾರ ಇವತ್ತಿಗೂ ಬಂದಿಲ್ಲ. ಅದೇ ವರ್ಷ ಸಣ್ಣವಳ ಡಿಗ್ರಿ ಫಲಿತಾಂಶ ಬಂತು. ಅವ್ವ ಸಕ್ಕರೆ ಹಂಚಿದಳು. ಅದೇ ವಾರ ದೊಡ್ಡವಳು ಹುಬ್ಬಳ್ಳಿಯ ರೂಮು ಖಾಲಿ ಮಾಡಿ, ಹಾಸಿಗೆ ಸುತ್ತಿಕೊಂಡು ಬಸ್ ಇಳಿದಳು.

ಹಳ್ಳಿಯಲ್ಲಿ ಕೆಲಸ ಇಲ್ಲದೆ ಇರುವುದು ಗುಟ್ಟಾಗಿ ಉಳಿಯುವ ವಿಷಯವಲ್ಲ. ಮೊದಲ ವಾರ ಎಲ್ಲರೂ "ಯಾವಾಗ ಬಂದಿ ಯವ್ವಾ?" ಅಂತ ಕೇಳುತ್ತಾರೆ. ಎರಡನೇ ವಾರ "ಯಾವಾಗ ಹೊಂಟಿ?" ಅಂತ ಕೇಳುತ್ತಾರೆ. ಒಂದು ತಿಂಗಳಾದ ಮೇಲೆ ಏನೂ ಕೇಳುವುದಿಲ್ಲ. ಆ ಸುಮ್ಮನಿರುವಿಕೆಯೇ ಹೆಚ್ಚು ಚುಚ್ಚುತ್ತದೆ. ನೀರು ತರಲು ಹೋಗುವ ಹೊತ್ತನ್ನೂ ನಾವು ಬದಲಿಸಿಕೊಂಡೆವು. ಬಸ್‌ಸ್ಟ್ಯಾಂಡ್ ಕಟ್ಟೆಯ ಮುಂದಿನ ದಾರಿ ಬಿಟ್ಟು ಹಿತ್ತಲ ದಾರಿ ಹಿಡಿದೆವು.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಅರ್ಜಿ ಹಾಕಿದ ಕಡೆಗಳನ್ನೆಲ್ಲ ಬರೆಯುತ್ತಾ ಹೋದೆವು. ಒಂದು ವರ್ಷದಲ್ಲಿ ಇಬ್ಬರದೂ ಸೇರಿ 64 ಆಯಿತು. ಸಂದರ್ಶನಕ್ಕೆ ಕರೆದವರು 9. ಉಳಿದವರಿಂದ ಉತ್ತರವೇ ಇಲ್ಲ. ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ಬೆಂಗಳೂರಿಗೆ ಹೋದೆವು. ಸ್ಟೇಷನ್ನಿನಲ್ಲೇ ಮುಖ ತೊಳೆದು, ಸೀರೆಯ ನೆರಿಗೆ ಸರಿ ಮಾಡಿಕೊಂಡು ಸಂದರ್ಶನಕ್ಕೆ ಕೂತೆವು. ಒಂದು ಕಡೆ ಕನ್ನಡ ಬರಹ ಚೆನ್ನಾಗಿದೆ ಅಂದರು, ಇಂಗ್ಲಿಷ್ ಮಾತಾಡಿಸಿ ನೋಡಿ ತಿಳಿಸುತ್ತೇವೆ ಅಂದರು. ಇನ್ನೊಂದು ಕಡೆ ಪರೀಕ್ಷೆಗೆ ಅಂತ ಐದು ಲೇಖನ ಬರೆಸಿಕೊಂಡರು. ಲೇಖನಗಳು ಪ್ರಕಟವಾದವು, ನಮಗೆ ಕರೆ ಬರಲಿಲ್ಲ.

ಪ್ರತಿ ರಾತ್ರಿ ಊಟಕ್ಕೆ ಮುಂಚೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಇದೆ. ಅಪ್ಪ ಸತ್ಯವೇದ ಓದುತ್ತಾನೆ, ಅವ್ವ ಪ್ರಾರ್ಥಿಸುತ್ತಾಳೆ. ಆ ದಿನಗಳಲ್ಲಿ ಅವ್ವನ ಪ್ರಾರ್ಥನೆಯಲ್ಲಿ ನಮ್ಮ ಕೆಲಸದ ಮಾತು ಬಂದಾಗಲೆಲ್ಲ ನಾವು ಕಣ್ಣು ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾವೂ ಪ್ರಾರ್ಥಿಸುತ್ತಿದ್ದೆವು, ಆದರೆ ಅದು ಸಂತೆಯ ಚೌಕಾಸಿ ಇದ್ದ ಹಾಗಿತ್ತು. ಇಷ್ಟು ದಿನ ಉಪವಾಸ ಮಾಡುತ್ತೇವೆ, ಈ ಕೆಲಸ ಕೊಡು. ಮೊದಲ ಪಗಾರದಲ್ಲಿ ಹತ್ತನೇ ಒಂದು ಭಾಗ ಕೊಡುತ್ತೇವೆ, ಈ ಕರೆ ಬರಲಿ.

ಚೌಕಾಸಿ ಮಾಡುವವರಿಗೆ ದಲ್ಲಾಳಿ ಸಿಗುವುದು ತಡವಾಗುವುದಿಲ್ಲ. ಪಟ್ಟಣದ ಒಂದು ಬಾಡಿಗೆ ಹಾಲ್‌ನಲ್ಲಿ ಹೊರಗಿನಿಂದ ಬಂದ ಬೋಧಕರೊಬ್ಬರ ಕೂಟ ಇತ್ತು. ಗೊತ್ತಿದ್ದವರು ಕರೆದುಕೊಂಡು ಹೋದರು. ನಂಬಿಕೆ ಇಟ್ಟು ಕಾಣಿಕೆ ಕೊಟ್ಟರೆ 21 ದಿನದಲ್ಲಿ ಕೆಲಸದ ಬಾಗಿಲು ತೆರೆಯುತ್ತದೆ ಅಂತ ಅವರು ಮೈಕಿನಲ್ಲಿ ಹೇಳಿದರು. ನಾವು ಪತ್ರಿಕೋದ್ಯಮ ಓದಿದವರು. ಯಾರು ಹೇಳಿದರು, ಆಧಾರ ಏನು ಅಂತ ಕೇಳುವುದನ್ನೇ ಕಲಿತವರು. ಆದರೂ ಅವ್ವ ಸ್ವಸಹಾಯ ಸಂಘದ ಕಂತಿಗೆ ಅಂತ ತೆಗೆದಿಟ್ಟಿದ್ದ ಎರಡು ಸಾವಿರ ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಕೊಟ್ಟುಬಂದೆವು.

21 ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆವು. 22ನೇ ದಿನ ಸಣ್ಣವಳು ಫೋನ್ ಮಾಡಿ ಕೇಳಿದಳು. ಆ ಕಡೆಯವರು, "ನಿಮ್ಮ ನಂಬಿಕೆಯಲ್ಲಿ ಏನೋ ಕೊರತೆ ಇದೆ ಸಿಸ್ಟರ್" ಅಂದರು.

ಕೆಲಸ ಹೋದಾಗ ಆಗದ ನೋವು ಆ ಮಾತಿನಿಂದ ಆಯಿತು. ಕೆಲಸ ಸಿಗದಿರುವುದು ನಮ್ಮ ತಪ್ಪು ಅಂತ ಲೋಕ ಹೇಳುತ್ತಲೇ ಇತ್ತು. ಈಗ ದೇವರೂ ಅದನ್ನೇ ಹೇಳುತ್ತಾನೆ ಅಂದ ಹಾಗಾಯಿತು. ನಾವು ಚರ್ಚಿಗೆ ಹೋಗುವುದನ್ನು ಬಿಟ್ಟೆವು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕುಲುಕುತ್ತಾ ಎಲ್ಲರೂ ಕೇಳುವ "ಈಗ ಏನ್ ಮಾಡ್ಲಿಕತ್ತೀರಿ?" ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಭಾನುವಾರ ತಲೆನೋವು, ಹೊಟ್ಟೆನೋವು ಅಂತ ನೆಪ ಹೇಳಿ ನಾಲ್ಕು ತಿಂಗಳು ಮನೆಯಲ್ಲೇ ಉಳಿದೆವು.

ಅಪ್ಪ ಏನೂ ಅನ್ನಲಿಲ್ಲ. ಒಂದು ಶನಿವಾರ ರಾತ್ರಿ ಅಂಗಳದಲ್ಲಿ ಕೂತಿದ್ದಾಗ ತನ್ನ ಕಥೆ ತೆಗೆದ. ಗದಗ ಅಂದರೆ ಮುದ್ರಣಕ್ಕೆ ಹೆಸರಾದ ಊರು. ಅಪ್ಪ ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಒಂದೊಂದೇ ಸೀಸದ ಅಕ್ಷರವನ್ನು ಗೂಡಿನಿಂದ ತೆಗೆದು, ತಲೆಕೆಳಗಾಗಿ ಸಾಲು ಕಟ್ಟುವ ಕೆಲಸ. ಕಂಪ್ಯೂಟರ್ ಮತ್ತು ಆಫ್‌ಸೆಟ್ ಬಂದ ಮೇಲೆ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿದರು. ಅಪ್ಪನ ಕೈಗೆ ಹದಿನಾಲ್ಕು ತಿಂಗಳು ಕೆಲಸ ಇರಲಿಲ್ಲ. ನಾವು ಆಗ ಚಿಕ್ಕವರು, ನಮಗೆ ನೆನಪಿಲ್ಲ.

"ಆ ಹದಿನಾಲ್ಕು ತಿಂಗಳೂ ಚರ್ಚಿಗೆ ಹೋಗ್ತಿದ್ದೇನಪಾ?" ಅಂತ ದೊಡ್ಡವಳು ಕೇಳಿದಳು.

"ಒಂದು ಐತವಾರನೂ ಬಿಟ್ಟಿಲ್ಲ."

"ಯಾಕ? ನಾಚಿಕಿ ಆಗ್ತಿದ್ದಿಲ್ಲೇನು?"

"ಆಗ್ತಿತ್ತು. ಆದ್ರ ಪಗಾರ ಎಷ್ಟಂತ ಕೇಳಿ ಒಳಗ ಬಿಡದ ಜಾಗಾ ನನಗ ಅದೊಂದ ಉಳಿದಿತ್ತವಾ."

ಮರುದಿನ ನಾವು ಬಸ್ ಹತ್ತಿದೆವು.

ಅವತ್ತು ಸಭಾಪಾಲಕರು ಓದಿದ್ದು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ. ಸಂಡೆ ಸ್ಕೂಲಿನಿಂದ ನೂರು ಸಲ ಕೇಳಿದ ಸಾಮ್ಯ. ಗೊತ್ತಿಲ್ಲದವರಿಗಾಗಿ ನಮ್ಮ ಮಾತಿನಲ್ಲಿ ಹೇಳುತ್ತೇವೆ. ಒಬ್ಬ ಯಜಮಾನ ತನ್ನ ದ್ರಾಕ್ಷಿ ತೋಟಕ್ಕೆ ಆಳು ಕರೆಯಲು ಬೆಳಗಾಗುತ್ತಲೇ ಸಂತೆ ಬಯಲಿಗೆ ಹೋಗುತ್ತಾನೆ. ದಿನದ ಕೂಲಿ ಮಾತಾಡಿ ಕೆಲವರನ್ನು ಕಳಿಸುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಐದಕ್ಕೆ ಹೋದರೆ ಆಗಲೂ ಕೆಲವರು ನಿಂತಿದ್ದಾರೆ. ದಿನವಿಡೀ ಸುಮ್ಮನೆ ಯಾಕೆ ನಿಂತಿರಿ ಅಂತ ಕೇಳಿದರೆ, ತಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ದಿನ ಮುಗಿದಾಗ ಕೊನೆಗೆ ಬಂದವರಿಗೇ ಮೊದಲು ಕೂಲಿ ಕೊಡುತ್ತಾನೆ, ಅದೂ ಪೂರ್ತಿ ದಿನದ ಕೂಲಿ. ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಚಿಕ್ಕವರಿದ್ದಾಗ ನಮಗೂ ಬೆಳಿಗ್ಗೆ ಬಂದವರ ಸಿಟ್ಟೇ ಸರಿ ಅನಿಸುತ್ತಿತ್ತು. ಬಿಸಿಲಲ್ಲಿ ದುಡಿದವರಿಗೂ ಒಂದು ತಾಸು ದುಡಿದವರಿಗೂ ಒಂದೇ ಕೂಲಿ ಎಲ್ಲಿಯ ನ್ಯಾಯ? ಅವತ್ತು ಮೊದಲ ಸಲ ನಾವು ಐದು ಗಂಟೆಯವರ ಕಡೆ ನಿಂತು ಕೇಳಿದೆವು.

ಪಟ್ಟಣದಲ್ಲಿ ಬೆಳಿಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ ನೀವೂ ನೋಡಿರುತ್ತೀರಿ. ಬುತ್ತಿ ಕಟ್ಟಿಕೊಂಡು, ಸನಿಕೆ ಹಿಡಿದುಕೊಂಡು ನಿಂತಿರುತ್ತಾರೆ. ಗಟ್ಟಿಮುಟ್ಟಾದವರನ್ನು ಮೇಸ್ತ್ರಿ ಮೊದಲು ಆರಿಸುತ್ತಾನೆ. ಹತ್ತು ಗಂಟೆಯ ಮೇಲೆ ಉಳಿದವರು ಬುತ್ತಿಯನ್ನು ಹಾಗೇ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಸಾಮ್ಯದ ಆ ಜನ ಸಂಜೆ ಐದರವರೆಗೂ ಹೋಗಲಿಲ್ಲ. ಅವರನ್ನು ಯಾರೂ ಸೋಮಾರಿಗಳು ಅಂತ ಕರೆಯಲಿಲ್ಲ, ಯೇಸುವೂ ಕರೆಯಲಿಲ್ಲ. ಐದು ಗಂಟೆಗೆ ಬಂದವನ ಮನೆಯಲ್ಲೂ ಮಕ್ಕಳ ಹಸಿವು ಅಷ್ಟೇ ಇರುತ್ತದೆ. ಯಜಮಾನ ಲೆಕ್ಕ ಹಾಕಿದ್ದು ತಾಸನ್ನಲ್ಲ, ಆ ಮನೆಯ ರೊಟ್ಟಿಯನ್ನು ಅಂತ ನಮಗೆ ಅನಿಸಿತು. ಬೋಧಕರು ಹೇಳಿದ್ದ ನಂಬಿಕೆಯ ಕೊರತೆ ಅನ್ನುವ ಮಾತು ಅವತ್ತು ನಮ್ಮ ಎದೆಯಿಂದ ಅರ್ಧ ಇಳಿಯಿತು.

ಉಳಿದ ಅರ್ಧ ಇಳಿಯಲು ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕಾಯಿತು. ಸಹಪಾಠಿಯೊಬ್ಬಳಿಗೆ ಸರ್ಕಾರಿ ಕೆಲಸ ಸಿಕ್ಕಿದ ದಿನ ಗ್ರೂಪಿನಲ್ಲಿ ಹೂವಿನ ಚಿತ್ರ ಕಳಿಸಿ, ಆಮೇಲೆ ಇಬ್ಬರೂ ಅತ್ತಿದ್ದೆವು. ಅದು ಸಂತೋಷದ ಅಳು ಆಗಿರಲಿಲ್ಲ. ಗೊಣಗುವವರ ಸಾಲಿನಲ್ಲೂ ನಾವಿದ್ದೆವು. ಅವತ್ತು ಸಂಜೆ ಅವಳಿಗೆ ಫೋನ್ ಮಾಡಿ ಒಂದು ತಾಸು ಮಾತಾಡಿದೆವು. ಅವಳು ತಾನು ಓದಿದ ಪುಸ್ತಕಗಳನ್ನೆಲ್ಲ ಕಟ್ಟಿ ಬಸ್ಸಿನಲ್ಲಿ ಕಳಿಸಿದಳು.

ಆಮೇಲೆ ನಮ್ಮ ಪ್ರಾರ್ಥನೆ ಬದಲಾಯಿತು. ಚೌಕಾಸಿ ನಿಂತಿತು. 13ನೇ ಕೀರ್ತನೆಯನ್ನು ಮೇಲಿಂದ ಮೇಲೆ ಓದಿದೆವು. ದೇವರು ತನ್ನನ್ನು ಮರೆತೇಬಿಟ್ಟ ಅಂತ ದಾವೀದ ದೇವರ ಮುಂದೆಯೇ ದೂರು ಹೇಳುವ ಸಣ್ಣ ಕೀರ್ತನೆ ಅದು. ದೂರುವುದೂ ಪ್ರಾರ್ಥನೆಯೇ ಅಂತ ಗೊತ್ತಾದ ಮೇಲೆ ಬಾಯಿ ಬಿಟ್ಟು ಮಾತಾಡಲು ಸುಲಭವಾಯಿತು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಇವತ್ತಿನ ಆಹಾರವನ್ನಷ್ಟೇ ಕೇಳುತ್ತೇವೆ. ಮುಂದಿನ ವರ್ಷದ್ದನ್ನು ಕೇಳುವುದಿಲ್ಲ. ನಾವೂ ದಿನವನ್ನು ಹಾಗೇ ತುಂಡು ಮಾಡಿಕೊಂಡೆವು. ಬೆಳಿಗ್ಗೆ ಎರಡು ತಾಸು ಓದು, ಆಮೇಲೆ ಒಂದು ಅರ್ಜಿ, ಆಮೇಲೆ ಮನೆಗೆಲಸ. ಇವತ್ತಿನದು ಆಯಿತಾ? ಆಯಿತು. ಹಾಗಾದರೆ ಮಲಗೋಣ.

ನಮ್ಮ ಹಿರಿಯರ ಕಥೆಯನ್ನೂ ಆಗಲೇ ಹುಡುಕಿ ಓದಿದೆವು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಆಗ ಕ್ರೈಸ್ತರಾದವರನ್ನು ಎಷ್ಟೋ ಕಡೆ ಮನೆಯವರೂ ಜಾತಿಯವರೂ ಹೊರಗೆ ಹಾಕಿದರು. ಮನೆ ಹೋದರೆ ಹೊಲ ಹೋಯಿತು, ಕುಲದ ಕಸುಬೂ ಹೋಯಿತು. ಅಂದರೆ ಆ ಕಾಲದ ಕ್ರೈಸ್ತರು ಮೊದಲು ಎದುರಿಸಿದ ಕಷ್ಟಗಳಲ್ಲಿ ಒಂದು ನಿರುದ್ಯೋಗ. ಮಿಷನ್ನಿನವರಿಗೆ ಬರಿ ಪ್ರಾರ್ಥನೆ ಹೇಳಿಕೊಟ್ಟರೆ ಸಾಲದು ಅಂತ ಗೊತ್ತಾಯಿತು. ಬೇಸಾಯ, ಪುಸ್ತಕದ ರಟ್ಟು ಕಟ್ಟುವುದು, ಗಡಿಯಾರದ ಕೆಲಸ ಎಲ್ಲ ಮಾಡಿ ನೋಡಿದರು. ಕೆಲವು ಕೈಗೂಡಲಿಲ್ಲ. ನೇಯ್ಗೆ ಕೈ ಹಿಡಿಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅನ್ನುವವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ನಾಡಿನ ಎಷ್ಟೋ ಮನೆಗಳ ಮೇಲಿನ ಮಂಗಳೂರು ಹೆಂಚಿನ ಹಿಂದೆ, ಕೆಲಸ ಕಳೆದುಕೊಂಡ ಜನರಿಗೆ ಕೆಲಸ ಹುಡುಕಿದ ಕಥೆ ಇದೆ.

ನಾವು ಓದಿದ ವಿದ್ಯೆಯ ಬೇರೂ ಅಲ್ಲೇ ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಅದನ್ನು ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುವುದು ಅದಕ್ಕೇ. ಆ ಪತ್ರಿಕೆಯೂ ಬಹಳ ಕಾಲ ನಡೆಯಲಿಲ್ಲ. ಕನ್ನಡದ ಮೊದಲ ಪತ್ರಿಕೆಯೇ ನಿಂತುಹೋಗಿತ್ತು ಅಂತ ಓದಿದಾಗ ದೊಡ್ಡವಳು ಬಹಳ ದಿನದ ಮೇಲೆ ನಕ್ಕಳು. ಪತ್ರಿಕೆ ನಿಂತರೂ ಪತ್ರಿಕೆಯ ಕೆಲಸ ಕನ್ನಡದಲ್ಲಿ ನಿಲ್ಲಲಿಲ್ಲವಲ್ಲ.

ಆ ವರ್ಷ ಚರ್ಚಿನಲ್ಲಿ ಸುಗ್ಗಿ ಹಬ್ಬ ಬಂತು. ದುಡಿದದ್ದರಲ್ಲಿ ಮೊದಲ ಪಾಲನ್ನು ದೇವರಿಗೆ ತರುವ ಹಬ್ಬ. ಒಬ್ಬರು ಜೋಳದ ಚೀಲ, ಒಬ್ಬರು ಕೋಳಿ, ಒಬ್ಬರು ತತ್ತಿ, ಇನ್ನೊಬ್ಬರು ತಾವೇ ನೇಯ್ದ ಬಟ್ಟೆ ತರುತ್ತಾರೆ. ಆರಾಧನೆ ಆದ ಮೇಲೆ ಅಂಗಳದಲ್ಲಿ ಅದೆಲ್ಲ ಲಿಲಾವು ಆಗುತ್ತದೆ. ಪಗಾರ ಇದ್ದಾಗ ದೊಡ್ಡವಳು ಲಕೋಟೆಯಲ್ಲಿ ದುಡ್ಡು ಹಾಕುತ್ತಿದ್ದಳು. ಈ ಸಲ ಏನು ಕೊಡುವುದು? ಅವ್ವ, "ನಾ ಕೋಳಿ ಕೊಡ್ತೀನಿ, ಅದ ಎಲ್ಲಾರದೂ ಅಂತ ತಿಳ್ಕೊಳ್ರಿ" ಅಂದಳು. ನಮಗೆ ಒಪ್ಪಿಗೆ ಆಗಲಿಲ್ಲ.

ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ನಮ್ಮ ಓಣಿಯ ಹೆಂಗಸರ ಜೊತೆ ನಾವೂ ಉಡಿ ಕಟ್ಟಿಕೊಂಡು ಹೋದೆವು. ಎಂ.ಎ. ಓದಿದವಳು ಹತ್ತಿ ಬಿಡಿಸಲು ಹೋಗುವುದನ್ನು ನೋಡಲು ಕಟ್ಟೆಯ ಮೇಲೆ ಜನ ಇದ್ದರು. ನಾವು ಆ ದಿನ ಹಿತ್ತಲ ದಾರಿ ಹಿಡಿಯಲಿಲ್ಲ. ಉಳಿದ ಹೆಂಗಸರು ಒಬ್ಬೊಬ್ಬರೇ ನಲವತ್ತು ಕಿಲೋ ಬಿಡಿಸಿದರೆ ನಾವಿಬ್ಬರೂ ಸೇರಿ ಹತ್ತೊಂಬತ್ತು ಕಿಲೋ ಬಿಡಿಸಿದೆವು. ಬೆರಳ ತುದಿಯೆಲ್ಲ ಗೀರು. ಕಿಲೋಗೆ ಹತ್ತರಂತೆ ನೂರಾ ತೊಂಬತ್ತು ರೂಪಾಯಿ ಬಂತು. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ನಮ್ಮ ಕೈ ಹಿಡಿದು ನೋಡಿ, "ನೌಕರಿ ಇಲ್ಲಂದ್ರ ಇರಲಿ ಬಿಡ್ರವಾ, ಕಾಯಕ ಇಲ್ಲದಂಗ ಇರಬಾರದು" ಅಂದಳು. ಬಸವಣ್ಣನ ಮಾತು ಕೇಳಿ ಬೆಳೆದ ಅಜ್ಜಿ ಹೇಳಿದ್ದೂ, ಬಡಗಿಯ ಕೆಲಸ ಮಾಡಿದ ಯೇಸುವಿನ ಬಗ್ಗೆ ನಾವು ಓದಿದ್ದೂ ಅವತ್ತು ಒಂದೇ ಅನಿಸಿತು.

ಆ ದುಡ್ಡಿನಲ್ಲಿ ಸಂತೆಯಲ್ಲಿ ಒಂದು ದೊಡ್ಡ ಕುಂಬಳಕಾಯಿ ಕೊಂಡೆವು. ಭಾನುವಾರ ಅದನ್ನು ಇಬ್ಬರೂ ಎರಡು ಕಡೆ ಹಿಡಿದುಕೊಂಡು ಸಾಲಿನಲ್ಲಿ ನಿಂತೆವು. ಲಿಲಾವಿನಲ್ಲಿ ಒಬ್ಬರು ಅದನ್ನು ಮುನ್ನೂರಕ್ಕೆ ಕೂಗಿ ತೆಗೆದುಕೊಂಡು, ಮತ್ತೆ ಲಿಲಾವಿಗೇ ಇಟ್ಟರು. ಎರಡನೆಯವರು ನಾನೂರೈವತ್ತಕ್ಕೆ ತೆಗೆದುಕೊಂಡು ಮನೆಗೆ ಒಯ್ದರು. ದುಡ್ಡೆಲ್ಲ ಚರ್ಚಿಗೆ ಹೋಯಿತು. ನಮಗೆ ಒಂದು ರೂಪಾಯಿಯೂ ಬರಲಿಲ್ಲ. ಆದರೆ ಕೆಲಸ ಹೋದಾಗಿನಿಂದ ನಾವು ಬರೀ ಇಸಿದುಕೊಳ್ಳುವವರಾಗಿದ್ದೆವು. ಅಪ್ಪನಿಂದ ಬಸ್ ಚಾರ್ಜು, ಅವ್ವನಿಂದ ರೀಚಾರ್ಜು, ಎಲ್ಲರಿಂದ ಕನಿಕರ. ಅವತ್ತು ಕೊಡುವವರ ಸಾಲಿನಲ್ಲಿ ನಿಂತೆವು. ಬಾಗಿಲಲ್ಲಿ ಯಾರೋ "ಈಗ ಏನ್ ಮಾಡ್ಲಿಕತ್ತೀರಿ?" ಅಂದರು. "ಹತ್ತಿ ಬಿಡಸ್ತೀವ್ರಿ, ಅರ್ಜಿ ಹಾಕ್ತೀವ್ರಿ" ಅಂದೆವು. ಗಂಟಲು ಒಣಗಲಿಲ್ಲ.

ಆಮೇಲೆ ಕೆಲಸ ಸಿಕ್ಕಿತಾ ಅಂತ ನೀವು ಕೇಳುತ್ತೀರಿ. ದೊಡ್ಡವಳಿಗೆ ಒಂದು ಸಂಸ್ಥೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ವರದಿ ಬರೆಯುವ ಕೆಲಸ ಸಿಕ್ಕಿದೆ. ಆರು ತಿಂಗಳ ಗುತ್ತಿಗೆ, ಪಗಾರ ಹಿಂದಿನದಕ್ಕಿಂತ ಕಡಿಮೆ. ಸಣ್ಣವಳು ಇನ್ನೂ ಹುಡುಕುತ್ತಿದ್ದಾಳೆ. ಅವಳಿಗೆ ಯುವನಿಧಿ ಬಂತು. 2022–23ರಲ್ಲಿ ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಅಂತ ಆ ಯೋಜನೆ 2024ರ ಜನವರಿಯಲ್ಲಿ ಶುರುವಾಯಿತು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಅವಳು ಓಣಿಯ ಉಳಿದ ಹುಡುಗ ಹುಡುಗಿಯರಿಗೂ ಕೂತು ನೆರವಾದಳು. ಈಗ ಸಂಜೆ ನಮ್ಮ ಕಟ್ಟೆಯ ಮೇಲೆ ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷೆ ಅಂತ ಏನಾದರೊಂದು ಅರ್ಜಿ ಹಿಡಿದುಕೊಂಡು ಯಾರಾದರೂ ಬರುತ್ತಾರೆ. 64 ಅರ್ಜಿ ತುಂಬಿದ ಅನುಭವ ಸುಮ್ಮನೆ ಹೋಗಲಿಲ್ಲ.

ನಮ್ಮ ಹಾಗೆ ಕೂತವರಿಗೆ ಎರಡು ಮಾತು. ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುವವರಿಗೆ ಕೊಡಬೇಡಿ. ಅವರು ಟೈ ಕಟ್ಟಿಕೊಂಡು ಬರಲಿ, ದೇವರ ಹೆಸರು ಹೇಳಿಕೊಂಡು ಬರಲಿ, ಎರಡೂ ಒಂದೇ. ಇನ್ನೊಂದು, ಗುಡಿಯೋ ಮಸೀದಿಯೋ ಚರ್ಚೋ ಮಠವೋ, ಪಗಾರ ಕೇಳದೆ ನಿಮ್ಮನ್ನು ಒಳಗೆ ಬಿಡುವ ಜಾಗ ಯಾವುದಿದೆಯೋ ಅಲ್ಲಿಗೆ ಹೋಗುವುದನ್ನು ನಾಚಿಕೆಯಿಂದ ಬಿಡಬೇಡಿ. ನಾವು ಬಿಟ್ಟ ಆ ನಾಲ್ಕು ತಿಂಗಳೇ ಎಲ್ಲಕ್ಕಿಂತ ಕತ್ತಲಿನ ದಿನಗಳಾಗಿದ್ದವು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಸಣ್ಣವಳು ನೋಟ್‌ಬುಕ್ ತೆಗೆದಿದ್ದಾಳೆ. ನಾಳೆ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂದರ್ಶನ ಇದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಅವ್ವ ಬುತ್ತಿಗೆ ರೊಟ್ಟಿ ತಟ್ಟುತ್ತಿದ್ದಾಳೆ. ನಮ್ಮ ಲೆಕ್ಕದಲ್ಲಿ ಗಂಟೆ ಇನ್ನೂ ಐದಾಗಿಲ್ಲ.